ಓಮ್ನಿ ಇಲ್ಲದ ಅಪಹರಣ

ಹುಡುಗಿಯರ ಅಪಹರಣದ ಮೇಲೆ ಕಿರುಚಿತ್ರ ಮಾಡಿದ್ದೇನೆ ಅಂದಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ‘ಕಿಡ್ನ್ಯಾಪ್ ಸೀನ್ ಎಲ್ಲಿ ತೆಗೆದ್ರಿ?’ ಎಲ್ಲೂ ತೆಗೆದಿಲ್ಲ. ನಮ್ಮ 18 ನಿಮಿಷದ ‘ಚಹರೆ ಪಟ್ಟಿ’ಯಲ್ಲಿ ಯಾರೂ ಯಾರ ಬಾಯಿಗೂ ಕರವಸ್ತ್ರ ಒತ್ತುವುದಿಲ್ಲ, ಯಾರೂ ಕಿರುಚುವುದಿಲ್ಲ. ರಾಮದುರ್ಗದ ಕಡೆಯ ಒಂದು ಹಳ್ಳಿಯಿಂದ 17 ವರ್ಷದ ಹುಡುಗಿಯೊಬ್ಬಳು ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಹಿಡಿದು, ತಂಗಿಗೆ ಕೈಬೀಸಿ, ಬೆಳಗಿನ ಬಸ್ಸು ಹತ್ತುತ್ತಾಳೆ. ಅವಳನ್ನು ನಾವು ನೋಡುವುದು ಅಷ್ಟೇ.

ನಮ್ಮ ಛಾಯಾಗ್ರಾಹಕ ಗೆಳೆಯನಿಗೆ ಇದು ಬಹಳ ದಿನ ಒಪ್ಪಿಗೆಯಾಗಿರಲಿಲ್ಲ. ಕನ್ನಡ ಸಿನಿಮಾ ನೋಡಿ ಬೆಳೆದವರಿಗೆ ಅಪಹರಣ ಅಂದರೆ ಬಿಳಿ ಮಾರುತಿ ಓಮ್ನಿ ವ್ಯಾನು. ಪಕ್ಕದ ಬಾಗಿಲು ಸರ್ರನೆ ಜಾರಬೇಕು, ಎರಡು ಕೈ ಹೊರಗೆ ಬರಬೇಕು, ಒಂದು ಚಪ್ಪಲಿ ರಸ್ತೆಯಲ್ಲಿ ಉಳಿಯಬೇಕು. ಕಂಪನಿಯವರು 2019ರಲ್ಲಿ ಓಮ್ನಿ ತಯಾರಿಕೆಯನ್ನೇ ನಿಲ್ಲಿಸಿದರೂ ನಮ್ಮ ಸಿನಿಮಾದವರ ತಲೆಯೊಳಗೆ ಅದಿನ್ನೂ ಓಡುತ್ತಿದೆ. ಗೆಳೆಯ ಹಳೇ ಹುಬ್ಬಳ್ಳಿಯ ಹೂವಿನ ವ್ಯಾಪಾರಿಯೊಬ್ಬರ ಗಾಡಿ ನೋಡಿ, ಬಾಡಿಗೆಯನ್ನೂ ಮಾತಾಡಿ ಬಂದಿದ್ದ. ಬೇಡ ಅಂದೆ. ಅವನಿಗೆ ಕೊಟ್ಟ ಕಾರಣಗಳನ್ನೇ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಚಿತ್ರದ ಉಳಿದ ನಿರ್ಧಾರಗಳೆಲ್ಲ ಅಲ್ಲಿಂದಲೇ ಹೊರಟವು.

2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವಾಟ್ಸ್‌ಆ್ಯಪ್ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂದಿತ್ತು. ಬೀದಿಯಲ್ಲಿ ಹುಡುಗರು ಆಡುತ್ತಿರುತ್ತಾರೆ, ಬೈಕಿನಲ್ಲಿ ಬಂದ ಇಬ್ಬರು ಒಬ್ಬ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಸ್ವಯಂಸೇವಾ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದ ಅರಿವಿನ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಹುಡುಗನನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಉಳಿದದ್ದನ್ನು ಹರಿಬಿಟ್ಟರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೂ ಅದೇ ಗತಿಯಾಯಿತು. ಅವರ ಗುಂಪಿನವರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ.

ಒಳ್ಳೆಯ ಉದ್ದೇಶದಿಂದ ಮಾಡಿದ ಕಿರುಚಿತ್ರವೊಂದರ ತುಂಡು ಅಲೆದಾಡಿದ ಪರಿ ಇದು. ಹಾಗಾಗಿ ನಾನೊಂದು ಷರತ್ತು ಹಾಕಿಕೊಂಡೆ: ನಮ್ಮ ಚಿತ್ರದ ಯಾವ 20 ಸೆಕೆಂಡ್ ಕತ್ತರಿಸಿ ಫಾರ್ವರ್ಡ್ ಮಾಡಿದರೂ ಅದರಿಂದ ಯಾರಿಗೂ ಪೆಟ್ಟು ಬೀಳಬಾರದು. ಓಮ್ನಿ ಸೀನ್ ಆ ಷರತ್ತನ್ನು ಮೊದಲ ದಿನವೇ ಮುರಿಯುತ್ತಿತ್ತು.

ಇನ್ನೊಂದು ಕಾರಣ ಕಾನೂನಿನ ಪುಸ್ತಕದಲ್ಲೇ ಇತ್ತು. ಬಲವಂತದಿಂದ ಎಳೆದೊಯ್ಯುವುದು ಹೇಗೆ ಅಪಹರಣವೋ, ಮೋಸದಿಂದ ನಂಬಿಸಿ ಒಂದು ಜಾಗದಿಂದ ಹೊರಡಿಸುವುದೂ ಹಾಗೇ ಅಪಹರಣ. 1860ರ ಭಾರತೀಯ ದಂಡ ಸಂಹಿತೆಯ 362ನೇ ಕಲಂ ಹೇಳಿದ್ದು ಇದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 138ನೇ ಕಲಂ ಹೇಳುವುದೂ ಇದನ್ನೇ. ಮಾನವ ಸಾಗಣೆಯ 143ನೇ ಕಲಂ ಅಂತೂ ಸಂತ್ರಸ್ತೆಯ ಒಪ್ಪಿಗೆ ಇತ್ತೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಆಕಿನ ತಾನಾಗೇ ಹೋಗ್ಯಾಳ’ ಅನ್ನುವ ಊರ ಮಾತಿಗೆ ಕಾನೂನು 160 ವರ್ಷದ ಹಿಂದೆಯೇ ಉತ್ತರ ಬರೆದಿಟ್ಟಿದೆ. ಊರಿಗೆ ಗೊತ್ತಿಲ್ಲ, ಸಿನಿಮಾದವರಿಗೂ ಗೊತ್ತಿಲ್ಲ.

ಕಥೆ ಬರೆಯುವ ಮುಂಚೆ ಪುನರ್ವಸತಿ ಕೇಂದ್ರವೊಂದರ ಆಪ್ತಸಮಾಲೋಚಕಿಯನ್ನು ಕಂಡೆ. ಬಿಡುಗಡೆಯಾಗಿ ಬಂದ ಹೆಣ್ಣುಮಕ್ಕಳ ಜೊತೆ ಮಾತಾಡಬೇಕಿತ್ತು ಅಂದಾಗ ಅವರು ನೇರವಾಗಿಯೇ ಅಂದರು: ‘ಪೊಲೀಸರ ಮುಂದ ಹೇಳ್ಯಾರ, ಡಾಕ್ಟರ ಮುಂದ ಹೇಳ್ಯಾರ, ಕೋರ್ಟಿನ್ಯಾಗ ನಿಂತು ಹೇಳ್ಯಾರ. ಈಗ ನಿಮ್ಮ ಸಿನಿಮಾಕ್ಕೂ ಹೇಳಬೇಕೇನ್ರಿ?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ದಾರಿಯನ್ನೂ ತೋರಿಸಿದರು. ಹುಡುಗಿಯರನ್ನು ಬಿಡಿ, ಅವರ ಮನೆಯವರನ್ನು ಮಾತಾಡಿಸಿ, ಅದೂ ಅವರಾಗಿ ಒಪ್ಪಿದರೆ, ಅದೂ ನಾನಿದ್ದಾಗ. ಹಾಗೇ ಮಾಡಿದೆ. ರೆಕಾರ್ಡರ್ ಒಯ್ಯಲಿಲ್ಲ. ಕೇಳಿದ್ದನ್ನು ಮನೆಗೆ ಬಂದು ಬರೆದುಕೊಂಡೆ, ಊರು, ಹೆಸರು, ಇಸವಿ ಯಾವುದನ್ನೂ ಬರೆಯಲಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಸಿಗುವ ಯಾವುದೇ ಸಂಗತಿ ಪ್ರಕಟಿಸುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಅಪ್ರಾಪ್ತರಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ ಕೂಡ ಇದೆ. ಹೆಸರು ಬದಲಿಸಿದರೆ ಮುಗಿಯಿತು ಅಂದುಕೊಳ್ಳುವವರಿದ್ದಾರೆ. ಹಳ್ಳಿಯಲ್ಲಿ ಮನೆಯ ಬಾಗಿಲ ಬಣ್ಣ ತೋರಿಸಿದರೂ ಸಾಕು, ಇಡೀ ಓಣಿಗೆ ಗೊತ್ತಾಗುತ್ತದೆ. ಅದಕ್ಕೇ ನಮ್ಮ ಕಥೆ ಯಾವ ಒಬ್ಬ ಹುಡುಗಿಯದೂ ಅಲ್ಲ. ಕಸುಬು, ಮನೆಯ ಮಂದಿ, ಹೋದ ದಾರಿ ಎಲ್ಲವೂ ಕಟ್ಟಿದ್ದು.

ಆ ಮನೆಗಳಲ್ಲಿ ಕೇಳಿದ್ದರಲ್ಲಿ ಚಿತ್ರಕ್ಕೆ ಬೆನ್ನೆಲುಬಾದದ್ದು ದುಡ್ಡಿನ ಮಾತು. ಕೆಲಸಕ್ಕೆ ಅಂತ ಕರೆದೊಯ್ಯುವವರು ಎಷ್ಟೋ ಸಲ ಮನೆಯವರ ಕೈಗೆ ಮುಂಗಡ ಇಟ್ಟಿರುತ್ತಾರೆ. ದೊಡ್ಡ ಮೊತ್ತವೇನಲ್ಲ, ಕಿರಾಣಿ ಬಾಕಿ ತೀರಿಸುವಷ್ಟು. ಹುಡುಗಿಯ ಫೋನು ಬಂದ್ ಆದಾಗ ಆ ದುಡ್ಡೇ ಇವರ ಕಾಲು ಕಟ್ಟುತ್ತದೆ. ಪೊಲೀಸ್ ಸ್ಟೇಷನ್ನಿಗೆ ಹೋದರೆ ‘ನೀವೇ ಮಾರಿದ್ರೇನು?’ ಅಂದುಬಿಟ್ಟರೆ? ಹೀಗೆ ಹೆದರಿಕೊಂಡು ಕಳೆಯುವ ದಿನಗಳಲ್ಲಿ ಹುಡುಗಿ ಎಷ್ಟೋ ದೂರ ಹೋಗಿರುತ್ತಾಳೆ. ನಮ್ಮ ಕಥೆಯಲ್ಲಿ ಅವ್ವ ಮಗ್ಗದವರ ಮನೆಗೆ ಕಂಡಿಕಿ, ಅಂದರೆ ನೇಯುವ ನೂಲಿನ ಸುರುಳಿ, ಸುತ್ತುವಾಕೆ. ಐದು ಸಾವಿರ ತೆಗೆದುಕೊಂಡಿದ್ದಾಳೆ. ಆ ಮಾತನ್ನು ಬಾಯಿ ಬಿಡಬೇಕೋ ಬೇಡವೋ ಅನ್ನುವುದೇ ಚಿತ್ರದ ಎಳೆ.

ಕರೆದೊಯ್ಯುವಾಕೆಯನ್ನು ಚಿಕ್ಕವ್ವನ ನಾದಿನಿ ಮಾಡಿದೆ. ಸ್ಕ್ರಿಪ್ಟ್ ಓದಿದ ಕೆಲವರು ‘ಆಕಿ ಯಾವ ಜಾತಿ? ಯಾವ ಧರ್ಮ?’ ಅಂತ ಕೇಳಿದರು. ಆ ಪ್ರಶ್ನೆ ಹುಟ್ಟಬಾರದು ಅಂತಲೇ ಸಂಬಂಧಿಕಳನ್ನು ತಂದದ್ದು. ಹೆಣ್ಣುಮಕ್ಕಳ ಅಪಹರಣ ಅಂದಕೂಡಲೇ ಯಾರನ್ನು ಬೈಯಲಿ ಅಂತ ಕಾದು ಕೂತವರ ಕೈಗೆ ಇನ್ನೊಂದು ಕೋಲು ಕೊಡುವ ಮನಸ್ಸು ನನಗಿರಲಿಲ್ಲ. ಮನೆಯವರ ಅನುಭವವೂ ಹಾಗೇ ಇತ್ತು. ಪರಿಚಯವೇ ಇಲ್ಲದವರ ಹಿಂದೆ ಯಾರೂ ಮಗಳನ್ನು ಕಳಿಸಿರಲಿಲ್ಲ.

ಈಗ ಬಸ್ ಟಿಕೆಟ್ಟಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ, ಆದರೆ ಕಂಡಕ್ಟರ್ ಶೂನ್ಯ ಮೊತ್ತದ ಟಿಕೆಟ್ ಕೊಡಲೇಬೇಕು. ಅದರ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ಇರುತ್ತದೆ. ಬೆಳಗಾವಿಯಲ್ಲಿ ಗಾರ್ಮೆಂಟ್ಸ್ ಕೆಲಸ ಅಂತ ಹೇಳಿ ಕರೆದೊಯ್ದ ಹುಡುಗಿ ಎರಡನೇ ಬಸ್ಸಿನಲ್ಲಿ ಕೂತು ತಂಗಿಗೆ ಟಿಕೆಟ್ಟಿನ ಫೋಟೊ ಕಳಿಸುತ್ತಾಳೆ: ‘ನೋಡಲೇ, ಸೊನ್ನೆ ರೂಪಾಯಿ!’ ತಂಗಿ ನಗುವ ಇಮೋಜಿ ಹಾಕಿ ಸುಮ್ಮನಾಗುತ್ತಾಳೆ. ಫೋನು ಬಂದ್ ಆಗಿ ದಿನಗಳು ಕಳೆದ ಮೇಲೆ ಯಾರೋ ಆ ಫೋಟೊ ದೊಡ್ಡದು ಮಾಡಿ ನೋಡಿದರೆ, ಬೆಳಗಾವಿಯಿಂದ ನಿಪ್ಪಾಣಿ ಎಂದಿದೆ. ನಿಪ್ಪಾಣಿ ದಾಟಿದರೆ ಕೊಗನೋಳಿ ಟೋಲ್, ಅದರಾಚೆ ಮಹಾರಾಷ್ಟ್ರ. ಗಡಿಯವರೆಗೆ ಪುಕ್ಕಟೆ ಬಸ್ಸು, ಮುಂದಿನದಕ್ಕೆ ದಾಖಲೆಯೇ ಇಲ್ಲ. ಯೋಜನೆಯ ಬಗ್ಗೆ ನನಗೆ ತಕರಾರಿಲ್ಲ, ಬದಲಿಗೆ ಆ ಚೀಟಿ ಇಲ್ಲದಿದ್ದರೆ ಅಷ್ಟು ಸುಳಿವೂ ಸಿಗುತ್ತಿರಲಿಲ್ಲ.

ಆ ಫೋಟೊ ತೆಗೆಯಲು ಟಿಕೆಟ್ ಬೇಕಲ್ಲ. ಅಂಗಡಿಯ ಬಿಲ್ಲಿಂಗ್ ಮಷೀನಿನಲ್ಲಿ ಥರ್ಮಲ್ ಕಾಗದದ ಮೇಲೆ ಮುದ್ರಿಸಿಕೊಂಡೆವು. ನಿಗಮದ ಲಾಂಛನ ಹಾಕಲಿಲ್ಲ, ಅಕ್ಷರ ಮತ್ತು ಉದ್ದಗಲ ಮಾತ್ರ ಹಾಗೇ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಥರ್ಮಲ್ ಕಾಗದ ಕರ್ರಗಾಗುತ್ತದೆ, ಹಾಗಾಗಿ ಹೆಚ್ಚುವರಿ ಪ್ರತಿಗಳು ಪುಸ್ತಕದ ನಡುವೆ ಇರಲಿ. ಮೊಬೈಲ್ ಪರದೆ ಚಿತ್ರೀಕರಿಸುವುದು ಇನ್ನೊಂದು ತಲೆನೋವು. ಟ್ಯೂಬ್‌ಲೈಟ್ ಮಿಣುಕದಿರಲಿ ಎಂದು ನಾವು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಂಡಿದ್ದೆವು, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ. ಫೋನ್ ಪರದೆಯ ಲೆಕ್ಕ ಬೇರೆ, ಅದರ ಮೇಲೆ ಪಟ್ಟೆ ಹರಿಯುತ್ತದೆ. ಕೊನೆಗೆ ಆ ಶಾಟ್‌ಗಳಿಗಷ್ಟೇ ಟ್ಯೂಬ್‌ಲೈಟ್ ಆರಿಸಿ, ಎಲ್‌ಇಡಿ ಬೆಳಕಿನಲ್ಲಿ ಶಟರ್ ಬದಲಿಸಿ ತೆಗೆದೆವು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದು ಮರೆಯಬೇಡಿ. ಭಾವುಕ ಕ್ಷಣದಲ್ಲಿ ಸಾಲದ ಆಫರ್ ಬರುತ್ತದೆ.

ಅವ್ವನ ಪಾತ್ರ ಮಾಡಿದವರು ಕಂಪನಿ ನಾಟಕಗಳಲ್ಲಿ ದುಡಿದು ಬಂದ ಹಿರಿಯ ಕಲಾವಿದೆ. ನಾವೆಲ್ಲ ‘ಅವ್ವಾರ’ ಎಂದೇ ಕರೆಯುವುದು. ಟೆಂಟಿನ ಕೊನೆಯ ಸಾಲಿನವನಿಗೂ ಕೇಳಿಸುವಂತೆ ಪಳಗಿದ ದನಿ ಅವರದು. ಕಾಲರ್ ಮೈಕಿಗೆ ಅಷ್ಟು ದನಿ ಬಂದರೆ ಧ್ವನಿ ಒಡೆಯುತ್ತದೆ, ಮುಖವೂ ದೊಡ್ಡದಾಗಿಬಿಡುತ್ತದೆ. ‘ಸಣ್ಣಗೆ ಮಾತಾಡ್ರಿ’ ಅಂತ ಹೇಳಿದರೆ ಅವರು ಸಣ್ಣಗೆ ಮಾತಾಡುವವರ ಅಭಿನಯ ಮಾಡುತ್ತಿದ್ದರು! ಹಾಗಾಗಿ ಅವರಿಗೆ ಹೇಳುವುದನ್ನೇ ಬಿಟ್ಟು, ಎದುರಿನವನಿಗೆ ಹೇಳಿದೆ. ಚಹರೆ ಪಟ್ಟಿ ಬರೆಸುವ ದೃಶ್ಯದಲ್ಲಿ, ಠಾಣೆಯಲ್ಲಿ ದೂರು ಬರೆದುಕೊಳ್ಳುವ ಸ್ಟೇಷನ್ ರೈಟರ್ ಪಾತ್ರದವನು ತಲೆ ಎತ್ತದೆ, ಬರೆಯುತ್ತಲೇ, ಗೊಣಗಿದಂತೆ ಪ್ರಶ್ನೆ ಕೇಳಬೇಕು. ಕೇಳಿಸದೆ ಅವ್ವಾರು ಮುಂದಕ್ಕೆ ಬಾಗಿದರು. ಬಾಗಿದವರು ಯಾರೂ ಕೂಗುವುದಿಲ್ಲ.

ಆ ದೃಶ್ಯ ಒಂದೇ ಶಾಟ್, ನಾಲ್ಕು ನಿಮಿಷದ ಮೇಲಿದೆ. 50 ಎಂಎಂ ಲೆನ್ಸು, ರೈಟರ್‌ನ ಹೆಗಲ ಹಿಂದೆ ಕ್ಯಾಮೆರಾ, ಮುಖ ಅವ್ವಾರದೊಂದೇ. ಪತ್ರಿಕೆಯಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳನ್ನು ಓದಿದವರಿಗೆ ಆ ಪ್ರಶ್ನೆಗಳು ಗೊತ್ತು. ಎತ್ತರ ಎಷ್ಟು? ಮುಖ ಕೋಲೋ ದುಂಡೋ? ಯಾವ ಭಾಷೆ ಮಾತಾಡ್ತಾಳ? ಮೈಮೇಲೆ ಯಾವ ಬಟ್ಟಿ ಇತ್ತು?

‘ಚೂಡಿದಾರರೀ.’

‘ಬಣ್ಣ?’

‘ಹೊಸಾದ್ರೀ... ಗೌರಿ ಹುಣ್ಣಿವಿಗೆ ತಂದಿದ್ದು.’

‘ಬಣ್ಣ ಹೇಳಬೇ.’

ಅವ್ವಾರು ಇಲ್ಲಿ ಕೈ ಎತ್ತಿ ತಮ್ಮ ಸೀರೆಯ ಅಂಚು ತೋರಿಸಿ ‘ಇದರಗತೆ’ ಅಂದರು. ನಾನು ಬರೆದದ್ದರಲ್ಲಿ ಅದು ಇರಲಿಲ್ಲ. ರೈಟರ್ ಪಾತ್ರದವನು ಪೆನ್ನು ನಿಲ್ಲಿಸಿ ಮೊದಲ ಬಾರಿಗೆ ತಲೆ ಎತ್ತಿ ಅಂಚು ನೋಡಿದ, ಮತ್ತೆ ಬರೆದ. ಆಮೇಲೆ ಬರುತ್ತದೆ ಆ ಪ್ರಶ್ನೆ: ‘ರೊಕ್ಕ ಏನರ ಇಸ್ಕೊಂಡಿದ್ರೇನು?’ ಅವ್ವ ಉತ್ತರ ಕೊಡದೆ ಕೂತಷ್ಟು ಹೊತ್ತು ಹಿಂದಿನ ಫ್ಯಾನು ತಿರುಗುತ್ತದೆ. ಎಷ್ಟು ಹೊತ್ತು ಕೂರಬೇಕೆಂದು ನಾನು ಅವರಿಗೆ ಹೇಳಿರಲಿಲ್ಲ, ಸಂಕಲನದಲ್ಲೂ ಅದನ್ನು ಮುಟ್ಟಲಿಲ್ಲ.

ರೈಟರ್‌ನನ್ನು ಖಳನಾಯಕ ಮಾಡುವುದು ಸುಲಭವಿತ್ತು. ನಮಗೆ ಸಲಹೆ ಕೊಟ್ಟ ನಿವೃತ್ತ ಪಿಎಸ್‌ಐ ಒಬ್ಬರು ಸ್ಕ್ರಿಪ್ಟಿನ ಎರಡು ಕಡೆ ಪೆನ್ಸಿಲ್ ಗೀಟು ಹಾಕಿದರು. ದೂರು ಬರೆದುಕೊಳ್ಳುವವನು ಬಾಗಿಲ ಪೇದೆಯಲ್ಲ, ರೈಟರ್ ಎಂಬುದೊಂದು. ಇನ್ನೊಂದು, ‘24 ತಾಸು ಕಾಯ್ಬೇಕು’ ಎಂಬ ಸಾಲು. ಅಂಥ ನಿಯಮ ಎಲ್ಲಿಯೂ ಇಲ್ಲ. 18ರ ಒಳಗಿನವರು ಕಾಣೆಯಾದರೆ ಅಪಹರಣವೋ ಸಾಗಣೆಯೋ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ, ಬಚ್‌ಪನ್ ಬಚಾವೊ ಆಂದೋಲನದ ಅರ್ಜಿಯಲ್ಲಿ ಹೇಳಿದೆ. ಘಟನೆ ನಡೆದ ಸ್ಥಳ ತಮ್ಮ ಸರಹದ್ದಿಗೆ ಬರದಿದ್ದರೂ ಜೀರೊ ಎಫ್‌ಐಆರ್ ಮಾಡಿ ಕಳಿಸಬೇಕು, ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ‘ಆದ್ರೂ ಎರಡ ದಿನ ಬಿಟ್ಟು ಬರ್ರಿ ಅನ್ನೋರು ಇರ್ತಾರ,’ ಅಂದರು ಆ ಹಿರಿಯರು. ಹಾಗಾಗಿ ಆ ಸಾಲನ್ನು ತೆಗೆಯದೆ, ಪಕ್ಕದ ಮೇಜಿನ ಮಹಿಳಾ ಪೇದೆಯ ಬಾಯಲ್ಲಿ ಅದಕ್ಕೆ ಉತ್ತರ ಇಟ್ಟೆ: ‘ಸಾಹೇಬ್ರ, ಹದಿನೇಳು ಅಂತಾರ್ರೀ.’ ಅಷ್ಟಕ್ಕೆ ರೈಟರ್ ಹೊಸ ಹಾಳೆ ತೆಗೆಯುತ್ತಾನೆ.

ನಿಜವಾದ ಠಾಣೆ ಸಿಗುವ ಮಾತಿರಲಿಲ್ಲ. ಬಳಕೆಯಿಲ್ಲದ ಹಳೆಯ ಗ್ರಾಮ ಪಂಚಾಯ್ತಿ ಕಟ್ಟಡವನ್ನು ಠಾಣೆ ಮಾಡಿದೆವು. ಖಾಕಿ ಬಟ್ಟೆ ನಾಟಕ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ಬಂತು. ಇಲ್ಲಿ ಹೊಸಬರಿಗೊಂದು ಕಿವಿಮಾತು: ಚಿತ್ರೀಕರಣದ ಜಾಗ, ದಿನ, ಖಾಕಿ ತೊಡುವವರ ಹೆಸರು ಬರೆದು ಸ್ಥಳೀಯ ಠಾಣೆಗೆ ಪತ್ರ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಜೇಬಿನಲ್ಲಿಡಿ. ಚಹಾ ಕುಡಿಯಲು ಹೊರಗೆ ಹೋಗುವಾಗ ಕಲಾವಿದರು ಮೇಲೊಂದು ಅಂಗಿ ಹಾಕಿಕೊಳ್ಳಲಿ.

ತಂಗಿಯ ಪಾತ್ರಕ್ಕೆ ಹತ್ತು ವರ್ಷದ ಹುಡುಗಿ ಬೇಕಿತ್ತು. ಮಕ್ಕಳನ್ನು ಕಲಾವಿದರಾಗಿ ತೆಗೆದುಕೊಂಡರೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ವಿರಾಮವಿಲ್ಲದೆ 3 ತಾಸು ಮೀರುವಂತಿಲ್ಲ. ಕಿರುಚಿತ್ರದವರು ‘ನಮಗ್ಯಾಕೆ ಅದೆಲ್ಲ’ ಅನ್ನುತ್ತಾರೆ. ಮಕ್ಕಳನ್ನು ದುರ್ಬಳಕೆ ಮಾಡುವವರ ಬಗ್ಗೆ ಸಿನಿಮಾ ಮಾಡುತ್ತ ಹಾಗನ್ನಲು ನನಗೆ ಬಾಯಿ ಬರಲಿಲ್ಲ. ಮಗುವಿಗೆ ಇಡೀ ಕಥೆ ಹೇಳಲಿಲ್ಲ. ‘ಅಕ್ಕ ಊರಿಗೆ ಹೋಗ್ಯಾಳ, ಫೋನ್ ಹತ್ತವಲ್ದು’ ಅಷ್ಟು ಸಾಕಾಯಿತು. ಅಕ್ಕನ ಪಾತ್ರದ ಹುಡುಗಿ ಪದವಿ ಕಾಲೇಜಿನವಳು, 18 ದಾಟಿದವಳು.

ಧ್ವನಿಯ ವಿಷಯದಲ್ಲಿ ನನಗೆ ಅತಿ ಹೆಚ್ಚು ಕೊಟ್ಟದ್ದು ಒಬ್ಬ ತಂದೆ ಹೇಳಿದ ಮಾತು. ಮಗಳ ನಂಬರಿಗೆ ಹಚ್ಚಿದಾಗ ಮೊದಲೆಲ್ಲ ಕನ್ನಡದಲ್ಲಿ ಬರುತ್ತಿದ್ದ ಯಂತ್ರದ ದನಿ ಒಂದು ದಿನ ಬೇರೆ ಭಾಷೆಯಲ್ಲಿ ಬಂತಂತೆ. ಚಿತ್ರದಲ್ಲಿ ಅದು ಮರಾಠಿ. ನಮ್ಮ ಬೆಳಗಾವಿ ಸೀಮೆಯವರಿಗೆ ಮರಾಠಿ ಕಿವಿಗೆ ಹೊಸದಲ್ಲ, ಹಾಗಾಗಿ ಅವ್ವನಿಗೆ ಅರ್ಥವಾಗುತ್ತದೆ, ಅರ್ಥವಾದದ್ದಕ್ಕೇ ಆಕೆ ಕಂಡಿಕಿ ಸುತ್ತುವುದನ್ನು ನಿಲ್ಲಿಸುತ್ತಾಳೆ. ಹಿನ್ನೆಲೆ ಸಂಗೀತ ಹಾಕಲಿಲ್ಲ. ಓಣಿಯ ಪವರ್‌ಲೂಮಿನ ಸದ್ದು ಚಿತ್ರದುದ್ದಕ್ಕೂ ಇದೆ; ಅದು ನಿಲ್ಲುವುದು ಕರೆಂಟು ಹೋದಾಗ ಮಾತ್ರ, ಮತ್ತು ಕರೆಂಟು ಹೋಗುವುದನ್ನು ಈ ದೃಶ್ಯಕ್ಕೆ ಇಟ್ಟುಕೊಂಡೆ. ದೂರವಾಣಿ ಕಂಪನಿಯ ಧ್ವನಿಮುದ್ರಣ ಬಳಸುವಂತಿಲ್ಲವಾದ್ದರಿಂದ ಮರಾಠಿ ಬಲ್ಲ ಗೆಳತಿಯೊಬ್ಬಳಿಂದ ಹೇಳಿಸಿ, ಆ ಧ್ವನಿಯನ್ನು ಫೋನಿನ ಸ್ಪೀಕರಿನಲ್ಲಿ ನುಡಿಸಿ ಮತ್ತೆ ಮೈಕಿನಲ್ಲಿ ಹಿಡಿದೆವು. ಫಿಲ್ಟರ್ ಹಾಕುವುದಕ್ಕಿಂತ ಇದು ಚೆನ್ನಾಗಿ ಬರುತ್ತದೆ.

ಸಂಕಲನ ದಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯಲ್ಲೇ ಆಯಿತು. ಒಂದು ಹಂತಕ್ಕೆ ಬಂದ ಮೇಲೆ ಚಿತ್ರವನ್ನು 20 ಸೆಕೆಂಡಿನ ತುಂಡುಗಳಾಗಿ ಫೋನಿನಲ್ಲಿ, ಧ್ವನಿ ಇಲ್ಲದೆ ನೋಡಿದೆ. ಬಸ್ ಸ್ಟ್ಯಾಂಡಿನ ತುಂಡು ಕಣ್ಣಿಗೆ ಹೊಡೆಯಿತು: ನಡುವಯಸ್ಸಿನ ಹೆಂಗಸು, ಆಕೆಯ ಮುಖ ಸ್ಪಷ್ಟ, ಕೈ ಹುಡುಗಿಯ ಹೆಗಲ ಮೇಲೆ. ‘ಈಕೆ ಕಂಡರೆ ಹಿಡಿದುಕೊಡಿ’ ಅಂತ ಎರಡು ಸಾಲು ಬರೆದು ಹರಿಬಿಟ್ಟರೆ ಆ ಕಲಾವಿದೆ ನಾಳೆ ಸಂತೆಗೆ ಹೋಗುವುದು ಹೇಗೆ? ಆ ಶಾಟ್ ತೆಗೆದು, ನಾದಿನಿಯ ಕೈ, ಹಸಿರು ಬಳೆ, ಸ್ಟೀಲ್ ಡಬ್ಬಿ ಹಿಡಿದ ರೀತಿ ಇಷ್ಟನ್ನೇ ಉಳಿಸಿದೆ. ಮುಖ ಎಲ್ಲೂ ಬರುವುದಿಲ್ಲ. ಕಥೆಗೂ ಅದು ಒದಗಿತು, ಠಾಣೆಯಲ್ಲಿ ‘ಆಕಿ ಫೋಟೊ ಐತೇನು?’ ಅಂದಾಗ ಮನೆಯವರ ಹತ್ತಿರವೂ ಇಲ್ಲ.

ದುಡ್ಡು ಒಟ್ಟು ಒಂದೂಮುಕ್ಕಾಲು ಲಕ್ಷದ ಸುತ್ತಮುತ್ತ. ದೊಡ್ಡ ಪಾಲು ಕ್ಯಾಮೆರಾ, ಲೆನ್ಸಿನ ಬಾಡಿಗೆಗೆ ಮತ್ತು ಊಟಕ್ಕೆ. ಅವ್ವಾರ ಸಂಭಾವನೆ ಮೊದಲೇ ಕೊಟ್ಟೆ. ‘ಸಾಮಾಜಿಕ ಚಿತ್ರ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ’ ಅನ್ನುವ ಮಾತನ್ನು ಅವರು ಜೀವನದಲ್ಲಿ ಸಾಕಷ್ಟು ಕೇಳಿದ್ದಾರೆ.

ಯೂಟ್ಯೂಬಿಗೆ ಹಾಕಿಲ್ಲ, ಸದ್ಯಕ್ಕೆ ಹಾಕುವುದೂ ಇಲ್ಲ. ಪಿಯು ಕಾಲೇಜುಗಳಿಗೆ, ಸ್ತ್ರೀಶಕ್ತಿ ಸಂಘಗಳ ಸಭೆಗಳಿಗೆ ನಾವೇ ಹೋಗಿ ತೋರಿಸುತ್ತೇವೆ. ಹುಡುಗರು ತಪ್ಪದೆ ಕೇಳುವುದು ‘ಕಡೀಗೆ ಸಿಕ್ಕಳೇನ್ರೀ?’ ಚಿತ್ರ ಮುಗಿಯುವುದು ರೈಟರ್ ಎಫ್‌ಐಆರ್ ಪ್ರತಿಯನ್ನು ಅವ್ವನ ಕೈಗೆ ಕೊಡುವಲ್ಲಿ, ಅದರ ಮೇಲೆ 112, 181, 1098 ಸಹಾಯವಾಣಿ ಸಂಖ್ಯೆಗಳು ಬರುತ್ತವೆ. ಹುಡುಗಿಯರು ಕೇಳುವುದು ಬೇರೆ: ಆ ಐದು ಸಾವಿರ ವಾಪಸ್ ಕೊಡಬೇಕಾ, ಅವ್ವನ ಮೇಲೂ ಕೇಸ್ ಆಗುತ್ತಾ. ಇಂಥದ್ದಕ್ಕೆ ನಾನು ಉತ್ತರಿಸುವುದು ಸರಿಯಲ್ಲ. ಅದಕ್ಕೇ ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದಿಂದಲೋ ಸಾಂತ್ವನ ಕೇಂದ್ರದಿಂದಲೋ ಒಬ್ಬರು ಆಪ್ತಸಮಾಲೋಚಕರು ಬಂದು ಕೂರದೆ ಪ್ರದರ್ಶನ ಮಾಡುವುದಿಲ್ಲ. ಸಭೆ ಮುಗಿದ ಮೇಲೆ ಅವರ ಸುತ್ತ ನಿಲ್ಲುವ ಹುಡುಗಿಯರಿಗೆ ಸಮಯ ಸಿಗಲಿ ಅಂತ ಕಾರ್ಯಕ್ರಮವನ್ನು ದಿನದ ಕೊನೆಯ ಪಿರಿಯಡ್‌ಗೆ ಇಡಬೇಡಿ ಎಂದು ಪ್ರಾಂಶುಪಾಲರಿಗೆ ಮೊದಲೇ ಹೇಳುತ್ತೇವೆ, ಕೊನೆಯ ಪಿರಿಯಡ್ ಅಂದರೆ ಎಲ್ಲರಿಗೂ ಬಸ್ಸಿನ ಚಿಂತೆ. ಪ್ರೊಜೆಕ್ಟರ್ ನಾವೇ ತರುತ್ತೇವೆ. ಸ್ಪೀಕರ್ ಮಾತ್ರ ಕಾಲೇಜಿನದು ಬಳಸುವುದರಿಂದ ಅರ್ಧ ತಾಸು ಮುಂಚೆ ಹೋಗಿ ಮರಾಠಿ ದನಿಯ ಜಾಗ ಒಮ್ಮೆ ನುಡಿಸಿ, ಹಿಂದಿನ ಬೆಂಚಿಗೆ ಕೇಳಿಸುತ್ತದೆಯೇ ನೋಡಿಕೊಳ್ಳುತ್ತೇವೆ.